ಆಯಿ ಬಿಟ್ಟ ಹಣ್ಣು

ಬಾಯಿಗೆ ಹೋದ ಬಾಳೆಹಣ್ಣು ಅಲ್ಲಿ ನಿಲ್ಲಲಿಲ್ಲ. ಸಮ್ಮೇದ ಅದನ್ನು ನಾಲಿಗೆಯ ತುದಿಯಿಂದ ಹೊರಗೆ ತಳ್ಳಿ, ಗದ್ದದಿಂದ ಅಂಗಿಗೆ, ಅಂಗಿಯಿಂದ ಆಯಿಯ ಸೀರೆಗೆ ಇಳಿಸಿ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅಂಗಳದ ಎಮ್ಮೆಯ ಕಡೆ ನೋಡಿದ. ಆಯಿ, ಅಂದರೆ ಅವನ ಅಜ್ಜಿ ಇಂದುಬಾಯಿ, ಸೆರಗನ್ನು ಒದ್ದೆ ಮಾಡಿ ಒರೆಸಿಕೊಂಡಳು. ಬೆಳಗಿನಿಂದ ಇದು ಮೂರನೆಯ ಸಲ.

ಮೊಮ್ಮಗನಿಗೆ ಎರಡು ವರ್ಷ ತುಂಬಿತ್ತು. ಅವನ ತಾಯಿ, ಇಂದುಬಾಯಿಯ ಸೊಸೆ ಆರತಿ, ಮೂಡಲಗಿಯ ಸಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಬಸ್ಸು ಹತ್ತಿದರೆ ತಮ್ಮೂರು ಕುಲಗೋಡಕ್ಕೆ ತಿರುಗಿ ಬರುವುದು ಸಂಜೆಗೇ. ತಂದೆಗೆ ಕಬ್ಬಿನ ಹೊಲ. ಹೀಗಾಗಿ ಹುಡುಗನ ಹೊಟ್ಟೆ ಆಯಿಯ ಪಾಲಿಗೆ ಬಂದಿತ್ತು, ಮತ್ತು ಆ ಹೊಟ್ಟೆಯೇ ಈಗ ಮನೆಯ ಚಿಂತೆಯಾಗಿತ್ತು. ನಾಲ್ಕು ದಿನಕ್ಕೊಮ್ಮೆ ಹೊರಕಡೆಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಆಗುವ ದಿನ ಅವನು ಎರಡೂ ಕೈಯಿಂದ ಆಯಿಯ ಕೊರಳು ಬಿಗಿದು ಹಿಡಿದು, ಮೊಣಕಾಲು ನಡುಗಿಸುತ್ತ ಅಳುವಾಗ ಇಂದುಬಾಯಿ ಅವನ ಬೆನ್ನು ನೀವುತ್ತ ಕೂರುತ್ತಿದ್ದಳು. ಗೋಕಾಕದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಔಷಧ ಹದಿನೈದು ದಿನಕ್ಕಷ್ಟೇ, ಮುಂದೆ ಹಣ್ಣೇ ಔಷಧ, ಬಿಸ್ಕೀಟು ಕಡಿಮೆ ಮಾಡ್ರಿ ಎಂದು ಹೇಳಿ ಕಳಿಸಿದ್ದರು. ಔಷಧ ಮುಗಿದು ಎಷ್ಟೋ ದಿನವಾಗಿತ್ತು. ಹಣ್ಣು ಮಾತ್ರ ಒಳಗೆ ಹೋಗಿರಲಿಲ್ಲ.

ಇಂದುಬಾಯಿ ಮಾಡದ ಉಪಾಯವಿರಲಿಲ್ಲ. ಚಿಕ್ಕು ಕಿವುಚಿ ಶಿರಾದೊಳಗೆ ಮುಚ್ಚಿಟ್ಟಳು. ಹುಡುಗ ಶಿರಾ ನುಂಗಿ ಚಿಕ್ಕು ಉಗುಳಿದ. ಮೋಸಂಬಿ ರಸಕ್ಕೆ ಸಕ್ಕರೆ ಹಾಕಿದಳು. ಅದು ಬೆಕ್ಕಿನ ಮೇಲೆ ಬಿತ್ತು. ಅಜ್ಜ ಜಯಪಾಲ ಕಂಡಕ್ಟರನಾಗಿ ಸೀಟಿ ಊದಿ, ಗೋಕಾಕದ ಬಸ್ಸು ಬಂತು, ಸ್ಟ್ಯಾಂಡಿನ ಬಾಗಿಲು ತೆರೀರಿ ಎಂದ. ಬಸ್ಸು ಬರುವತನಕ ಹುಡುಗ ಬಾಯಿ ತೆರೆದೇ ಇದ್ದ. ಬಸ್ಸಿನಲ್ಲಿ ಪಪ್ಪಾಯಿ ಕೂತಿದ್ದು ಕಂಡ ಕೂಡಲೇ ಸ್ಟ್ಯಾಂಡು ಬಂದ್ ಆಯಿತು.

ಕಡೆಗೆ ಇಂದುಬಾಯಿ ತನಗೆ ಗೊತ್ತಿದ್ದ ದೊಡ್ಡ ದಾರಿ ಹಿಡಿದಳು. ಆ ವರ್ಷ ಊರ ಬಸದಿಯಲ್ಲಿ ಜೈನ ಸನ್ಯಾಸಿನಿ ಮಾತಾಜಿಯೊಬ್ಬರು ಮಳೆಗಾಲದ ಚಾತುರ್ಮಾಸಕ್ಕೆ ನಿಂತಿದ್ದರು. ಚತುರ್ದಶಿಯ ದಿನ ಹೆಂಗಸರು ಸಾಲಾಗಿ ಕೂತು ಒಬ್ಬೊಬ್ಬರೇ ನೇಮ ತೆಗೆದುಕೊಂಡರು. ಒಬ್ಬಳು ಬೆಲ್ಲ ಬಿಟ್ಟಳು, ಇನ್ನೊಬ್ಬಳು ತುಪ್ಪ ಬಿಟ್ಟಳು. ಇಂದುಬಾಯಿ ಕೈ ಮುಗಿದು, ಮೊಮ್ಮಗ ಒಂದು ಬಾಳೆಹಣ್ಣು ಪೂರಾ ತಿನ್ನುವತನಕ ತನಗೆ ಎಲ್ಲ ಹಣ್ಣೂ ತ್ಯಾಗ ಎಂದಳು. ವಿಚಾರ ಮಾಡಿ ಹೇಳ್ರಿ ಎಂದು ಮಾತಾಜಿ ಎರಡು ಸಲ ಹೇಳಿದರು. ವಿಚಾರ ಮಾಡೇ ಬಂದೀನಿ ಎಂದಳು ಇವಳು. ನಲವತ್ತು ವರ್ಷದಲ್ಲಿ ಹಿಡಿದ ಒಂದು ನೇಮವನ್ನೂ ಅವಳು ಮುರಿದಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ಅನಂತ ಚತುರ್ದಶಿಯ ಉಪವಾಸ ಬಿಟ್ಟವಳಲ್ಲ. ಇಷ್ಟು ಗಟ್ಟಿ ನೇಮಕ್ಕೆ ಅಂಗೈ ಅಗಲದ ಹೊಟ್ಟೆ ಬಗ್ಗಲೇಬೇಕು ಎಂಬುದು ಅವಳ ಲೆಕ್ಕ.

ಹೊಟ್ಟೆ ಬಗ್ಗಲಿಲ್ಲ. ಒಂದು ತಿಂಗಳು ಹೋಯಿತು, ಎರಡಾಯಿತು. ಸೀತಾಫಲದ ದಿನಗಳು ಬಂದವು. ಸೀತಾಫಲ ಅಂದರೆ ಇಂದುಬಾಯಿಗೆ ಜೀವ. ಅವಳು ಬೀಜ ಬಿಡಿಸಿ ಬಿಡಿಸಿ ಹುಡುಗನ ತುಟಿಗೆ ಹಿಡಿದಳು, ಹುಡುಗ ಉಗುಳಿದ, ಅವಳು ಬೆರಳು ಕೂಡ ನೆಕ್ಕದೆ ಕೈ ತೊಳೆದಳು. ರಾತ್ರಿ ಆರತಿ ಹುಡುಗನ ಹೊಟ್ಟೆಯ ಮೇಲೆ ಕೈ ಆಡಿಸಿ, ಎಷ್ಟು ದಿನವಾಯಿತೆಂದು ಬೆರಳು ಮಡಿಚಿ ಎಣಿಸುತ್ತಿದ್ದಳು. ಆ ಎಣಿಕೆ ಇಂದುಬಾಯಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಇವತ್ತೂ ಬೆಳಿಗ್ಗೆ ಹುಡುಗ ಅತ್ತು ಅತ್ತು ಬೆವೆತಿದ್ದ. ಏನೂ ಆಗಿರಲಿಲ್ಲ. ಮಧ್ಯಾಹ್ನ ಹೊಲದ ಕೆಲಸದ ಕೆಂಪವ್ವ ತನ್ನ ಹಿತ್ತಲಿನ ಜವಾರಿ ಬಾಳೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ಇಂದುಬಾಯಿ ಒಂದನ್ನು ಸುಲಿದು, ತುಣುಕು ಮುರಿದು ಹುಡುಗನ ಕೈಗೆ ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿ, ಎದ್ದು ನಿಂತು, ಆಯಿಯ ಬಾಯಿಗೆ ಹಿಡಿದ.

"ಆಯಿ, ಆ."

ಇಂದುಬಾಯಿ ಮುಖ ತಿರುಗಿಸಿದಳು. ಹುಡುಗ ತುಣುಕನ್ನು ನೆಲಕ್ಕೆ ಹಾಕಿದ.

"ನೋಡವ್ವಾ ಇವನ ಆಟ," ಎಂದಳು ಇಂದುಬಾಯಿ. ದಣಿವಿಗೆ ಅವಳ ದನಿ ಒಡೆದಿತ್ತು. "ದಿನಾ ಹಿಂಗ. ನನಗ ತಿನ್ನಸಾಕ ಬರ್ತಾನ, ತಾ ಮಾತ್ರ ಮುಟ್ಟೂದಿಲ್ಲ."

ಕೆಂಪವ್ವ ಬಿದ್ದ ತುಣುಕನ್ನು ಎತ್ತಿ ಎಮ್ಮೆಯ ಕಡೆ ಒಗೆದಳು. "ಅವ್ವಾರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವ ಹಿಂಗ ಮುಖಾ ತಿರುವಿದ್ರ ಅಂವಾ ಏನ ತಿಳಕೋಬೇಕ್ರಿ? ಮನಿ ಹಿರ್ಯಾಕಿನ ಬಾಯಿಗೆ ಹಚ್ಚೂದಿಲ್ಲಂದ್ರ ಅದ್ರಾಗ ಏನೋ ಹೊಲಸ ಐತಿ ಅಂತಾನ."

"ನನಗ ನೇಮ ಐತೇಳವ್ವಾ."

"ನಿಮಗ ಐತ್ರಿ. ಅಂವಗ ಯಾರ ಹೇಳ್ಯಾರ?"

ಇಂದುಬಾಯಿ ಕೈಯಲ್ಲಿದ್ದ ಹಣ್ಣನ್ನು ನೋಡಿದಳು. ಹುಡುಗ ಏನೇನು ತಿನ್ನುತ್ತಾನೆ ಎಂದು ಮನಸ್ಸಿನಲ್ಲೇ ಎಣಿಸಿದಳು. ರೊಟ್ಟಿ, ಅವಳ ತಾಟಿನಿಂದ. ಶೇಂಗಾ ಹಿಂಡಿಯ ಚಟ್ನಿಪುಡಿ, ಅವಳ ಬೆರಳಿನಿಂದ. ಬಿಸ್ಕೀಟು, ಅವಳ ಚಹಾದ ಬಸಿಯಲ್ಲಿ ಅದ್ದಿ, ಅರ್ಧ ಅವಳಿಗೆ ಅರ್ಧ ಅವನಿಗೆ. ಹಣ್ಣನ್ನು ಮಾತ್ರ ಮೊದಲಿನಿಂದಲೂ ಕೂಸಿಗಿರಲಿ ಎಂದು ಅವನೆದುರು ಅವಳು ಮುಟ್ಟುತ್ತಿರಲಿಲ್ಲ. ನೇಮ ಹಿಡಿದ ಮೇಲಂತೂ ಹೊಲಸು ಕಂಡಂತೆ ಮುಖ ತಿರುಗಿಸುತ್ತ ಬಂದಿದ್ದಳು. ಎರಡು ತಿಂಗಳು. ಹುಡುಗ ತಿನ್ನಲಿ ಎಂದು ಹಿಡಿದ ನೇಮ ಹುಡುಗನ ಬಾಯಿಗೇ ಬೀಗ ಹಾಕಿತ್ತು.

ಅವಳಿಗೆ ಕೆಂಪವ್ವನ ಮೇಲೆ ಸಿಟ್ಟು ಬಂತು, ಹುಡುಗನ ಮೇಲೆ ಬಂತು, ಕಡೆಗೆ ಹೋಗಲು ಜಾಗವಿಲ್ಲದೆ ತನ್ನ ಮೇಲೇ ಬಂತು. ನೇಮ ಮುರಿಯುವುದೆಂದರೆ ಸಣ್ಣ ಮಾತಲ್ಲ. ಆದರೆ ಬೆಳಗಿನ ಆ ಪುಟ್ಟ ಕೈಗಳ ಬಿಗಿತ ಇನ್ನೂ ಕೊರಳಿನಲ್ಲಿತ್ತು. ಅವಳು ಬಸದಿಯ ದಿಕ್ಕಿಗೆ ಒಮ್ಮೆ ಕೈ ಮುಗಿದಳು, ತುಣುಕು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು.

ಹುಡುಗ ಹತ್ತಿರ ಬಂದ. ಆಯಿಯ ತುಟಿಯ ನಡುವೆ ಬೆರಳು ಹಾಕಿ, ಖರೇನೇ ಒಳಗೆ ಹೋಗಿದೆಯೋ ಎಂದು ಹುಡುಕಿದ. ಆಮೇಲೆ ತಾನೇ ಬಾಯಿ ತೆರೆದ. ಮೂರು ತುಣುಕು ನುಂಗಿ ಎಮ್ಮೆಯ ಕರುವಿನ ಹಿಂದೆ ಓಡಿಹೋದ. ಇಂದುಬಾಯಿ ಸಿಪ್ಪೆ ಹಿಡಿದುಕೊಂಡು ಕೂತೇ ಇದ್ದಳು. ನೇಮದ ಪೂರಾ ಹಣ್ಣೂ ಆಗಿರಲಿಲ್ಲ, ನೇಮವೂ ಉಳಿದಿರಲಿಲ್ಲ.

ಮರುದಿನ ಬಸದಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಹಿಂದೆ ಕೂತ ಹೆಂಗಸರು ಕಿವಿ ನಿಗುರಿಸಿದ್ದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು. ಮಾತಾಜಿ ಬೈಯಲಿಲ್ಲ. ದಿನಕ್ಕೊಂದು ಜಪಮಾಲೆ, ಜೊತೆಗೆ ತಿಂಗಳ ಮಟ್ಟಿಗೆ ಬೇರೆ ಒಂದು ತ್ಯಾಗ ಎಂದರು.

"ಈ ಸಲ ನಿಮ್ಮ ನಾಲಿಗಿ ಬೇಡೂದನ್ನ ಬಿಡ್ರಿ, ಇಂದುಬಾಯಿ. ಹುಡುಗನ್ನ ನಡುವ ತರಬ್ಯಾಡ್ರಿ."

ಇಂದುಬಾಯಿ ತನ್ನ ನಾಲಿಗೆ ಬೇಡುವುದೇನೆಂದು ಲೆಕ್ಕ ಹಾಕಿದಳು. ಬೆಳಗಿನ ಚಹಾದ ಜೊತೆಗಿನ ಎರಡು ಬಿಸ್ಕೀಟು ಅವಳ ದಿನದ ಒಂದೇ ಒಂದು ಚೈನಿಯಾಗಿತ್ತು.

"ಬಿಸ್ಕೀಟ ಬಿಡ್ತೇನ್ರಿ," ಎಂದಳು.

ಮಾತಾಜಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ನೇಮ ಕೊಟ್ಟರು.

ಮಾರನೆಯ ಬೆಳಿಗ್ಗೆ ಹುಡುಗ ಅಭ್ಯಾಸದಂತೆ ಬಿಸ್ಕೀಟು ಅದ್ದಿ ಆಯಿಯ ಬಾಯಿಗೆ ಹಿಡಿದ. ಆಯಿ ಮುಖ ತಿರುಗಿಸಿದಳು. ಅವನು ಬಿಸ್ಕೀಟನ್ನು ಅನುಮಾನದಿಂದ ನೋಡಿ ಬಸಿಯಲ್ಲೇ ಬಿಟ್ಟ. ಬಾಳೆಹಣ್ಣಿಗೆ ಮಾತ್ರ ಅವನದೇ ಕಾಯ್ದೆ: ತನಗೆ ಒಂದು ತುಣುಕಾದರೆ ಆಯಿಗೆ ಎರಡು. ನಾಲ್ಕನೆಯ ದಿನ ಅವನು ಹೊರಗೆ ಕೂತು ಅಳದೆ ಎದ್ದುಬಂದ. ಆರತಿ ಅವನಿಗೆ ಚಡ್ಡಿ ಹಾಕುತ್ತ ಹಾಕುತ್ತ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಅವನ ಎರಡರಷ್ಟು ತಿಂದು ತಿಂದು ಇಂದುಬಾಯಿಗೆ ಬಾಳೆಹಣ್ಣು ಸಾಕೋ ಸಾಕಾಗಿತ್ತು. ಬರಿಯ ಚಹಾ ಬಾಯಿಗೆ ರುಚಿಸುತ್ತಿರಲಿಲ್ಲ. ನೇಮ ಮುಗಿಯಲು ಇನ್ನೂ ಇಪ್ಪತ್ತಾರು ದಿನ. ಆರತಿ ಬಸ್ಸಿಗೆ ಹೊರಟವಳು, ಹುಡುಗನಿಗೆ ಸಿಗದ ಹಾಗೆ ಬಿಸ್ಕೀಟಿನ ಡಬ್ಬಿಯನ್ನು ಕಪಾಟಿನ ನಡುವಿನ ಹಲಗೆಗೆ ಏರಿಸಿದಳು. ಇಂದುಬಾಯಿ ಕೂತಲ್ಲಿಂದಲೇ ತಲೆ ಅಲ್ಲಾಡಿಸಿದಳು.

"ಇನ್ನೂ ಮ್ಯಾಲ ಇಡ ತಂಗಿ. ಅಂವಗಲ್ಲ, ನನ್ನ ಕೈಗೆ ಸಿಗಲಾರದಂಗ ಇಡು."