ಕೊಳದ ಮೇಲಿನ ಬೂದಿ

ಗಂಡಸರು ಆಸ್ಪತ್ರೆಗೆ ಹೋಗುವಾಗ ಹೆಂಡತಿಗೆ ಮನೆ ಜೋಪಾನ ಎನ್ನುತ್ತಾರೆ. ನನ್ನ ಗಂಡ ಹೊರೇಸ್ ಹೇಳಿದ್ದು ಮೀನು ಜೋಪಾನ ಅಂತ. ಆಂಬ್ಯುಲೆನ್ಸಿನ ಮೆಟ್ಟಿಲ ಮೇಲೆ ಕೂತು, ಒಂದು ಮಾತಿಗೆ ಮೂರು ಸಲ ಕೆಮ್ಮುತ್ತ, ಮೂರು ಕಟ್ಟಳೆ ಹಾಕಿದ. ಕೊಳದ ಮಂಜುಗಡ್ಡೆಗೆ ಸುತ್ತಿಗೆಯಿಂದ ಹೊಡೆಯಕೂಡದು. ಚಳಿ ಮುಗಿಯುವವರೆಗೆ ಮೀನಿಗೆ ತಿನ್ನಲು ಏನೂ ಹಾಕಕೂಡದು. ದಿನಾ ಬೆಳಗ್ಗೆ ಕುದಿನೀರಿನ ಪಾತ್ರೆಯನ್ನು ಗಡ್ಡೆಯ ಮೇಲಿಟ್ಟು ಒಂದು ತೂತು ಕರಗಿಸಬೇಕು, ಇಲ್ಲದಿದ್ದರೆ ಒಳಗಿನ ಕೆಟ್ಟ ಗಾಳಿ ಹೊರಬರದೆ ಮೀನು ಸಾಯುತ್ತವೆ. ಸುತ್ತಿಗೆ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನ ಹೆಂಡತಿ ನಾನು. ಗಣಿಯೊಳಗೆ ಇಲ್ಲಿ ಕೊಳವೆಗೆ ಬಡಿದರೆ ಅರ್ಧ ಮೈಲಿ ಆಚೆ ಸಿಕ್ಕಿಬಿದ್ದವನ ಎದೆಗೆ ಆ ಏಟು ಕೇಳುತ್ತದೆ ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಗಡ್ಡೆಯ ಕೆಳಗಿನ ಮೀನಿಗೂ ಹಾಗೆಯೇ.

ಒಟ್ಟು ಹನ್ನೊಂದು ಚಿನ್ನದ ಮೀನು. ಹತ್ತು ಹೋದರೂ ನಾನು ಅಳುತ್ತಿರಲಿಲ್ಲ. ಹನ್ನೊಂದನೆಯದು ಬಿಷಪ್. ಹೊರೇಸ್ ನನ್ನನ್ನು ಮೊದಲ ಸಲ ಬೇಸಿಗೆಯ ಮೇಳಕ್ಕೆ ಕರೆದುಕೊಂಡು ಹೋದ ದಿನ, ಬಳೆ ಎಸೆಯುವ ಆಟದಲ್ಲಿ ಗೆದ್ದು, ಜಾಮಿನ ಸೀಸೆಯಲ್ಲಿ ತಂದುಕೊಟ್ಟ ಮೀನು ಅದು. ಆಗ ನನ್ನ ಕಿರುಬೆರಳಿನಷ್ಟಿತ್ತು. ಇಪ್ಪತ್ನಾಲ್ಕು ವರ್ಷ ಬದುಕಿ ಮೊಣಕೈಯುದ್ದ ಬೆಳೆದು, ಕೊಳದಲ್ಲಿ ಯಾರಿಗೂ ದಾರಿ ಬಿಡದೆ ಗಂಭೀರವಾಗಿ ಓಡಾಡುತ್ತಿತ್ತು, ಅದಕ್ಕೇ ಆ ಹೆಸರು. ನಮಗೆ ಮಕ್ಕಳಾಗಲಿಲ್ಲ. ಮೀನಿನ ಮೇಲೆ ಅಷ್ಟು ಪ್ರೀತಿ ಸುರಿದರೆ ಹೆಂಡತಿಗೆ ಏನು ಉಳಿಯುತ್ತದೆ ಎಂದು ನಾನು ರೇಗಿಸುತ್ತಿದ್ದೆ.

ಹೊರೇಸನ ಎದೆಯ ಆಪರೇಷನ್ ಶನಿವಾರಕ್ಕೆ ನಿಗದಿಯಾಗಿತ್ತು. ಅದರ ಹಿಂದಿನ ಭಾನುವಾರ ನೋಡಲು ಹೋದಾಗ ಅವನು ಹೇಳಿದ್ದು ಒಂದೇ ಮಾತು.

"ಕಣ್ಣು ಬಿಟ್ಟ ತಕ್ಷಣ ಬಿಷಪ್ ಹೇಗಿದಾನೆ ಅಂತ ಕೇಳ್ತೀನಿ ನೋಡು. ಅವನು ಈ ಚಳಿ ದಾಟಿದ್ರೆ ನಾನೂ ದಾಟ್ತೀನಿ."

ಹುಚ್ಚು ಮಾತು ಬೇಡ ಎಂದು ಬೈದೆ. ಮಾತು ಬದಲಿಸಲು, ಹಿಂದಿನ ದಿನ ಕೊಳದ ಅಂಚಿನಲ್ಲಿ ಕಾಲು ಜಾರಿ ಪಾತ್ರೆ ಸಮೇತ ಅಂಗಾತ ಬಿದ್ದ ಕಥೆಯನ್ನು ನಗುತ್ತ ಹೇಳಿದೆ. ಅವನು ನಗಲಿಲ್ಲ. ಬೈದೆನಾದರೂ, ಬಿಷಪ್ ದಾಟಿದರೆ ನಾನೂ ದಾಟುತ್ತೇನೆ ಎಂಬ ಅವನ ಮಾತು ಮನೆಯವರೆಗೂ ನನ್ನ ಜೊತೆಗೇ ಬಂತು.

ಅದು ಅರವತ್ತಮೂರನೆಯ ಇಸವಿಯ ಜನವರಿ. ನಮ್ಮ ಯಾರ್ಕ್‌ಷೈರಿನಲ್ಲಿ ಕ್ರಿಸ್‌ಮಸ್ಸಿಗೆ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಮನೆಯ ನಲ್ಲಿಗಳು ಕಲ್ಲಾಗಿದ್ದವು; ಬೀದಿಯ ತುದಿಯ ಒಂದೇ ನಲ್ಲಿಗೆ ಸಾಲುಮನೆಗಳವರೆಲ್ಲ ಬಕೆಟ್ ಹಿಡಿದು ನಿಲ್ಲುತ್ತಿದ್ದರು. ಬೇಲಿಯ ಬುಡದಲ್ಲಿ ಹೆಬ್ಬೆರಳಿನಷ್ಟು ಪುಟ್ಟ ರೆನ್ ಹಕ್ಕಿಗಳು ಸತ್ತು ಬಿದ್ದಿರುತ್ತಿದ್ದವು. ಬೇಕನ್ನಿನ ತೊಗಲು, ಹಂದಿಯ ಕೊಬ್ಬು, ಬ್ರೆಡ್ಡಿನ ಅಂಚು, ಏನಿದ್ದರೂ ಹೊರಗೆ ಹಾಕುತ್ತಿದ್ದೆ. ನಾನು ಕರಗಿಸಿದ ತೂತಿನ ಹೊರತು ಸುತ್ತಮುತ್ತಲಿನ ಹಕ್ಕಿಗಳಿಗೆ ಕುಡಿಯಲು ಬೇರೆ ನೀರಿರಲಿಲ್ಲ. ಅದನ್ನು ಬೂದುಬಣ್ಣದ ಒಂದು ಬಕವೂ ಕಂಡುಕೊಂಡಿತು. ನದಿಯೇ ಹೆಪ್ಪುಗಟ್ಟಿದ ಮೇಲೆ ಪಾಪ ಅದು ಎಲ್ಲಿಗೆ ಹೋಗಬೇಕು? ನಾಲ್ಕು ದಿನದಿಂದ ಕಲ್ಲಿದ್ದಲ ಕೊಟ್ಟಿಗೆಯ ಮಾಡಿನ ಮೇಲೆ ನಿಂತು, ಎದೆಯ ಮೂಳೆ ಎದ್ದುಕೊಂಡು, ಗಡ್ಡೆಯ ತೂತನ್ನೇ ನೋಡುತ್ತಿತ್ತು. ತೂತಿನ ಮೇಲೆ ತಂತಿಬಲೆ ಹಾಸಿ ಕಲ್ಲು ಹೇರಿದೆ. ಪೊರಕೆ ತೆಗೆದುಕೊಂಡು ಓಡಿಸಿದೆ. ಮತ್ತೆ ಬಂದು ನಿಲ್ಲುತ್ತಿತ್ತು.

ಬುಧವಾರ ಬೆಳಗ್ಗೆ ನೋಡಿದರೆ ಕೊಳದ ಸುತ್ತ, ಗಡ್ಡೆಯ ಮೇಲೂ ಸಹ, ಯಾರೋ ಒಲೆಯ ಬೂದಿ ಹರಡಿದ್ದರು. ಪಕ್ಕದ ಮನೆಯ ಕ್ಲಿಫರ್ಡ್ ಬೇಲಿಯಾಚೆಯಿಂದ ಕೈಯೆತ್ತಿದ. ಅವನೂ ಗಣಿಯವನು, ಪಾರಿವಾಳ ಸಾಕುವವನು; ಆ ಚಳಿಯಲ್ಲಿ ಪಾರಿವಾಳದ ಗೂಡಿನ ಬಾಗಿಲು ತೆರೆದಿಟ್ಟು ಕಾಡುಹಕ್ಕಿಗಳಿಗೂ ಮಲಗಲು ಜಾಗ ಕೊಟ್ಟಿದ್ದ. ನಮ್ಮೂರಿನಲ್ಲಿ ಪ್ರತಿ ಮನೆಗೂ ಗಣಿಯ ಕಲ್ಲಿದ್ದಲು, ಪ್ರತಿ ಮನೆಯಲ್ಲೂ ರಾಶಿ ಬೂದಿ. ಮೆಟ್ಟಿಲು, ದಾರಿ, ಚರ್ಚಿನ ಇಳಿಜಾರು, ಎಲ್ಲಿ ಜಾರಿದರೂ ಬೂದಿಯೇ ಮದ್ದು. ಬೂದಿಯಿಂದ ಕೇಡಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ. ಒಳ್ಳೆಯದಾಯಿತು ಎಂದುಕೊಂಡು ಬೂದಿಯ ಮೇಲೆಯೇ ಬಿಸಿ ಪಾತ್ರೆ ಇಟ್ಟೆ.

ಗುರುವಾರ ಬಿಸಿಲು ಬಂತು. ಕಪ್ಪು ಬೂದಿ ಬಿಸಿಲು ಹೀರಿ, ಗಡ್ಡೆ ಅಲ್ಲಲ್ಲಿ ಕರಗಿ, ಬೂದಿಯ ನೀರು ತೂತಿನೊಳಗೆ ಇಳಿಯಿತು. ಶುಕ್ರವಾರ ಹತ್ತು ಗಂಟೆಗೆ ಪಾತ್ರೆ ಹಿಡಿದು ಬಂದೆ. ಚಳಿಗಾಲದಲ್ಲಿ ತಳದಲ್ಲಿ ಅಲುಗಾಡದೆ ಇರಬೇಕಾದ ಮೀನುಗಳು ತಂತಿಬಲೆಯ ಕೆಳಗೆ ಬಾಯಿ ಮೇಲೆತ್ತಿ ಗುಟುಕು ಗುಟುಕು ಗಾಳಿ ನುಂಗುತ್ತಿದ್ದವು. ನೀರು ಸೀಸದ ಬಣ್ಣವಾಗಿತ್ತು. ಬಿಷಪ್ ಒಂದು ಪಕ್ಕಕ್ಕೆ ವಾಲಿದ್ದ.

ನನಗೆ ಮೂಗಿನ ತುದಿಯಲ್ಲೇ ಕೋಪ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುತ್ತಿದ್ದ ಗಂಟಲು ನನ್ನದು. ಕ್ಲಿಫರ್ಡನನ್ನು ಕೂಗಿ ಕರೆದು ಬಾಯಿಗೆ ಬಂದಂತೆ ಬೈದೆ. ಯಾರು ಕೇಳಿದರು ನಿನ್ನ ಉಪಕಾರ ಎಂದೆ. ನಾಳೆ ಹೊರೇಸನಿಗೆ ಏನಾದರೂ ಆದರೆ ಅದು ನಿನ್ನ ತಲೆಯ ಮೇಲೆ ಎಂದೂ ಅಂದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಇನ್ನೊಂದು ಕೈ ಕೋಟಿನ ಜೇಬಿಗೆ ಹೋಗಿ ಬರಿದಾಗಿಯೇ ಹೊರಬಂತು.

"ಆಯ್ತು ಮಾರಾಯ್ತಿ, ತಪ್ಪಾಯ್ತು," ಎಂದ. "ಬೈಯೋದನ್ನ ಆಮೇಲೆ ಮುಗಿಸು. ಈಗ ಏನ್ ಮಾಡ್ಬೇಕು ಹೇಳು."

ಮೀನುಗಳನ್ನು ಹೊರಗೆ ತೆಗೆಯಬೇಕಿತ್ತು. ತೂತು ಒಂದು ತಟ್ಟೆಯಷ್ಟೇ ಅಗಲ. ಸುತ್ತಿಗೆ ಎತ್ತುವಂತಿಲ್ಲ. ಕ್ಲಿಫರ್ಡ್ ಗರಗಸ ತಂದು ಬೋರಲಾಗಿ ಮಲಗಿ ಗಡ್ಡೆಯನ್ನು ಕೊಯ್ಯತೊಡಗಿದ. ನಾನು ಗೋಡೆಗೆ ನೇತುಹಾಕಿದ್ದ ತಗಡಿನ ಸ್ನಾನದ ತೊಟ್ಟಿಯನ್ನು ಇಳಿಸಿದೆ. ಹೊರೇಸ್ ಗಣಿಯಿಂದ ಬಂದು ಮೈ ತೊಳೆಯುತ್ತಿದ್ದ ತೊಟ್ಟಿ. ಕ್ಲಿಫರ್ಡನ ಪೀಪಾಯಿಯಲ್ಲಿ ಗಡ್ಡೆಯ ಕೆಳಗೆ ಮಳೆನೀರಿತ್ತು. ತೊಟ್ಟಿಯನ್ನು ಅಡುಗೆಮನೆಯ ಬೆಂಕಿಯ ಹತ್ತಿರ ಇಡೋಣ, ಪಾಪ ನಡುಗುತ್ತಿವೆ ಎಂದು ಅವನು ಅಂದ. ಚಳಿಯಲ್ಲಿರುವ ಮೀನಿಗೆ ಬಿಸಿ ತಾಗಿದರೆ ಜೀವವೇ ಹೋಗುತ್ತದೆ, ಇನ್ನೊಂದು ಉಪಕಾರ ಮಾಡಬೇಡ ಎಂದು ಗದರಿ, ಬೆಂಕಿಯಿಲ್ಲದ ಬಟ್ಟೆ ಒಗೆಯುವ ಕೋಣೆಗೆ ಖಾಲಿ ತೊಟ್ಟಿಯನ್ನು ಎಳೆಸಿ, ಹನ್ನೆರಡು ಬಕೆಟ್ ಹೊತ್ತು ಸುರಿದೆ.

ಆಲೂಗಡ್ಡೆ ಕರಿಯುವ ತಂತಿಬುಟ್ಟಿಯಲ್ಲಿ ಒಂದೊಂದೇ ಮೀನನ್ನು ಎತ್ತಿದೆವು. ಒಂದು, ಎರಡು, ಮೂರು. ಆರನೆಯದು ಬುಟ್ಟಿಯಿಂದ ಹಾರಿ ಹಿಮದ ಮೇಲೆ ಬಿತ್ತು. ಬಕ ಮಾಡಿನ ಮೇಲೆ ಒಂದು ಹೆಜ್ಜೆ ಮುಂದಿಟ್ಟಿತು. ಕ್ಲಿಫರ್ಡ್ ಟೋಪಿ ಮುಚ್ಚಿ ಹಿಡಿದ. ಹತ್ತೂ ತೊಟ್ಟಿಯಲ್ಲಿ ಸ್ವಲ್ಪ ಹೊತ್ತಿಗೆ ನೇರವಾಗಿ ನಿಂತವು. ಬಿಷಪ್ ನಿಲ್ಲಲಿಲ್ಲ. ಹೊಟ್ಟೆ ಮೇಲಾಗಿ ತೇಲಿದ. ಕಿವಿರು ಆಗೊಮ್ಮೆ ಈಗೊಮ್ಮೆ ತೆರೆಯುತ್ತಿತ್ತು.

ನಾನು ಅಂಗಿಯ ತೋಳು ಮಡಚಿ ಎರಡೂ ಕೈ ನೀರಿಗಿಳಿಸಿ ಅವನನ್ನು ನೇರವಾಗಿ ಹಿಡಿದು, ಕಿವಿರಿನಲ್ಲಿ ನೀರಾಡಲೆಂದು ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ನಡೆಸಿದೆ. ಹನ್ನೆರಡು ಗಂಟೆಗೆ ಬಾಲ ಒಮ್ಮೆ ಅಲುಗಿತು. ಬದುಕಿಕೊಂಡ ಎಂದುಕೊಂಡೆ. ಬೆರಳುಗಳು ಮೊದಲು ಉರಿದವು, ಆಮೇಲೆ ಇದ್ದವೋ ಇಲ್ಲವೋ ತಿಳಿಯಲಿಲ್ಲ. ಕ್ಲಿಫರ್ಡ್ ಸಾಕು ಬಿಡು ಎಂದ, ನಾನು ಹಿಡಿಯುತ್ತೇನೆ ಎಂದ. ನಾನು ಬಿಡಲಿಲ್ಲ. ಗಂಡನಿಗೆ ಒಂದು ದಿನವೂ ಬಾಯಿಬಿಟ್ಟು ಪ್ರೀತಿಯ ಮಾತು ಹೇಳಿದವಳಲ್ಲ, ಆ ಮೀನಿನ ಹತ್ತಿರ ಬಗ್ಗಿ ಹೋಗಬೇಡವೋ ಎಂದು ಬೇಡಿಕೊಂಡೆ. ಎರಡು ಗಂಟೆಗೆ ಪಾಳಿ ಮುಗಿದ ಗಣಿಯ ಸೈರನ್ ಕೂಗಿದಾಗ ನನ್ನ ಕೈಯಲ್ಲಿದ್ದದ್ದು ಬರೀ ಭಾರ.

ಅವನನ್ನು ಎತ್ತಿಕೊಂಡು ಹೊರಗೆ ಬಂದೆ. ಗುಂಡಿ ತೋಡೋಣವೆಂದರೆ ನೆಲ ಕಬ್ಬಿಣ. ಬಕ ಇನ್ನೂ ಅಲ್ಲೇ ಇತ್ತು. ನನ್ನನ್ನು ಕಂಡು ಹಾರಲೂ ಅದಕ್ಕೆ ತ್ರಾಣವಿರಲಿಲ್ಲ. ಆಮೇಲೆ ಬಿಷಪ್‌ನನ್ನು ಗಡ್ಡೆಯ ಮೇಲೆ ಇಟ್ಟು ಬಾಗಿಲವರೆಗೆ ಹಿಂದೆ ಸರಿದೆ. ಅದು ಇಳಿದು ಬಂತು. ಬೂದಿ ಇದ್ದದ್ದರಿಂದ ಅದರ ಕಾಲು ಜಾರಲಿಲ್ಲ.

ಆಪರೇಷನ್ನಿನ ಮರುದಿನ, ಭಾನುವಾರ, ಬಸ್ಸಿನಲ್ಲಿ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ಮನಸ್ಸಿಗೆ ನೋವಾಗುವ ಮಾತು ಬೇಡ ಎಂದು ನರ್ಸ್ ಬಾಗಿಲಲ್ಲೇ ಎಚ್ಚರಿಸಿದಳು. ಹೊರೇಸ್ ಎದೆಗೆ ಕಟ್ಟು ಹಾಕಿಸಿಕೊಂಡು, ಸುಣ್ಣದಷ್ಟು ಬಿಳಿಚಿಕೊಂಡು ಮಲಗಿದ್ದ. ಕಣ್ಣು ಬಿಟ್ಟು, ಬಿಷಪ್ ಹೇಗಿದ್ದಾನೆ ಎಂದು ಕೇಳಿದ. ತಳದಲ್ಲಿ ಹಾಯಾಗಿ ಮಲಗಿದ್ದಾನೆ ಎಂದೆ.

"ಕೈಗವಸು ತೆಗಿ ಹಿಲ್ಡಾ."

ಚಳಿ ಎಂದೆ.

"ವಾರ್ಡಲ್ಲಿ ಒಲೆ ಉರೀತಿದೆ. ತೆಗಿ."

ತೆಗೆದೆ. ಕೈಗಳು ಬೀಟ್‌ರೂಟಿನಂತೆ ಕೆಂಪಾಗಿ ಊದಿ ಬಿರಿದಿದ್ದವು. ಅವನು ಅವುಗಳನ್ನೇ ನೋಡಿದ.

"ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

ಅಲ್ಲಿಗೆ ನನ್ನ ಕಟ್ಟೆಯೊಡೆಯಿತು. ಬೂದಿ, ಗರಗಸ, ತೊಟ್ಟಿ, ಬಕ, ಎಲ್ಲ ಹೇಳಿ, ಕ್ಲಿಫರ್ಡನಿಗೆ ಬೈದ ಬೈಗುಳವನ್ನೂ ಒಪ್ಪಿಸಿದೆ. ಹೊರೇಸ್ ಕಣ್ಣು ಮುಚ್ಚಿಕೊಂಡ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಸತ್ತೇ ಹೋಗುತ್ತಾನೆ ಎಂದು ನರ್ಸನ್ನು ಕರೆಯಲು ಎದ್ದೆ.

"ಅವನಿಗೆ ಯಾಕೆ ಬೈದೆ?" ಎಂದ ಮೆಲ್ಲಗೆ. "ಬೂದಿ ಹಾಕು ಅಂತ ಕಾಗದ ಬರೆದಿದ್ದು ನಾನು. ನೀನು ಬಿದ್ದೆ ಅಂದ್ಯಲ್ಲ, ಆವತ್ತಿಂದ ನಿದ್ದೆ ಬಂದಿಲ್ಲ ನಂಗೆ. ಇನ್ನೊಂದ್ ಸಲ ಬಿದ್ದು ಸೊಂಟ ಮುರ್ಕೊಂಡ್ರೆ ಅಂತ."

ಅವನು ನನ್ನ ಎರಡೂ ಕೈಗಳನ್ನು ಎಳೆದು ಕಂಬಳಿಯೊಳಗೆ ತನ್ನ ಪಕ್ಕೆಗೆ ಒತ್ತಿಕೊಂಡ. ಸಮಯ ಮುಗಿಯಿತೆಂದು ನರ್ಸ್ ಗಂಟೆ ಬಾರಿಸುವವರೆಗೆ ಬಿಡಲಿಲ್ಲ.

ಬಸ್ಸಿಳಿದವಳು ನಮ್ಮ ಮನೆಗೆ ಹೋಗಲಿಲ್ಲ. ಬೂದಿಯ ದಾರಿಯಲ್ಲಿ ನಡೆದು ಕ್ಲಿಫರ್ಡನ ಬಾಗಿಲು ತಟ್ಟಿದೆ. ಶುಕ್ರವಾರ ನಾನು ಬೈಯುವಾಗ ಆ ಕಾಗದ ಅವನ ಜೇಬಿನಲ್ಲೇ ಇತ್ತು, ನನಗೆ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು, ತೋರಿಸಲಿಲ್ಲ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಟೀಗೆ ನೀರಿಡು, ಹೊರೇಸ್ ಕಣ್ಣು ಬಿಟ್ಟ ಎಂದೆ.