ಕೈದಿಯ ಪಾರ್ಟು

ಮೂವತ್ತೆರಡನೇ ಸಲ ಅಗಿಯುವ ಹೊತ್ತಿಗೆ ಬ್ರೆಡ್ಡು ಬಾಯಲ್ಲಿ ಗಂಜಿಯಾಗಿತ್ತು. ನುಂಗಬಾರದು. ಶ್ರೀನಾಥ ಕಣ್ಣು ಮುಚ್ಚಿ ಮತ್ತೆ ಅಗಿದ. ಹಿಮ, ಕತ್ತಲು, ಮುಳ್ಳುತಂತಿ. ಇಡೀ ದಿನಕ್ಕೆ ಇದೊಂದೇ ತುಂಡು.

"ಏನೋ ಅದು, ಹಲ್ಲು ನೋವಾ?" ಅಪ್ಪ ಮುನಿಆಂಜನಪ್ಪ ಬಾಗಿಲಲ್ಲಿ ನಿಂತಿದ್ದರು.

"ಇಲ್ಲ."

"ಮತ್ತೆ ಎಮ್ಮೆ ಥರ ಮೆಲುಕು ಹಾಕ್ತಿದೀಯ. ಈ ಸೆಕೇಲಿ ಸ್ವೆಟರ್ ಬೇರೆ. ಜ್ವರಾನಾ?"

"ಇಲ್ಲ."

"ಸರಿ, ಎಂಟಾಯ್ತು. ಮೇಲೆ ಹೋಗಿ ಗೀಸರ್ ಆಫ್ ಮಾಡ್ಬಿಟ್ಟು ಬಾ."

ಶ್ರೀನಾಥ ಎದ್ದ. ವಯಸ್ಸು ನಲವತ್ತೊಂದಾದರೂ ಅಪ್ಪ ಬಾ ಎಂದರೆ ಬರಬೇಕು, ಹೋಗು ಎಂದರೆ ಹೋಗಬೇಕು. ತಾತನ ಕಾಲಕ್ಕೆ ರಾಗಿ, ಹೂಕೋಸು ಬೆಳೆಯುತ್ತಿದ್ದ ರಾಮಮೂರ್ತಿ ನಗರದ ಈ ಜಾಗದಲ್ಲಿ ಈಗ ಅವರದೇ ನಾಲ್ಕಂತಸ್ತಿನ ಗಂಡಸರ ಪಿ.ಜಿ. ನಿಂತಿದೆ. ಎಂ.ಎ. ಮಾಡಿ ಬಾಣಸವಾಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಮಗನನ್ನು ಕರೆದು ಅಪ್ಪ ಒಂದು ದಿನ, ಕೆಲಸ ಬಿಡಿಸಿ, ಪಿ.ಜಿ.ಯ ಬೀಗದ ಕೈಗೊಂಚಲು ಕೊಟ್ಟರು. ಅದಾಗಿ ಒಂಬತ್ತು ವರ್ಷ. ಅಂದಿನಿಂದ ತಾನೊಬ್ಬ ಕೈದಿ ಎಂದು ಶ್ರೀನಾಥನಿಗೆ ಅನ್ನಿಸುತ್ತಲೇ ಇತ್ತು. ಆದರೆ ಅದಕ್ಕೆ ತಕ್ಕ ಆಧಾರ ಸಿಕ್ಕಿರಲಿಲ್ಲ.

ಆಧಾರ ಸಿಕ್ಕಿದ್ದು ಕಳೆದ ತಿಂಗಳು, ಶಿವಾಜಿನಗರದ ಹಳೇ ಪುಸ್ತಕದಂಗಡಿಯಲ್ಲಿ. ರಷ್ಯಾದ ಸೆರೆಶಿಬಿರವೊಂದರ ಕಾದಂಬರಿ. ಜಗತ್ತೆಲ್ಲ ಹೊಗಳಿದ್ದು, ಅವನೊಬ್ಬ ಓದದೆ ಉಳಿದದ್ದು. ಎರಡು ದಿನದಲ್ಲಿ ಮೂರು ಸಲ ಓದಿದ. ಚಳಿಯಲ್ಲಿ ಸಾಲಾಗಿ ನಿಂತ ಆ ಜನ ತನ್ನ ಹತ್ತಿರದ ನೆಂಟರೆನ್ನಿಸಿ ಅವನಿಗೆ ತುಂಬ ಸಂತೋಷವಾಯಿತು. ತನ್ನ ದುಃಖಕ್ಕೆ ಇಷ್ಟು ದೊಡ್ಡ ಮನೆತನವಿದೆ ಎಂದು ತಿಳಿದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ?

ಆ ಸಂತೋಷದಲ್ಲೇ ಪುಸ್ತಕವನ್ನು ಪಿ.ಜಿ.ಯ ಮೂರನೇ ಮಹಡಿಯಲ್ಲಿರುವ ಸೂರ್ಯನಿಗೆ ಕೊಟ್ಟ. ಸೂರ್ಯನಿಗೆ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಉಳಿದ ಹೊತ್ತೆಲ್ಲ ನಾಟಕದ ಹುಚ್ಚು. ಅವನು ಓದಿ, ತನ್ನ ಗೆಳೆಯರಿಗೂ ಓದಿಸಿ, ಇದನ್ನು ತಾರಸಿಯ ಮೇಲೆ ಆಡಬಹುದೇ ಎಂದು ಕೇಳಿದ. ಶ್ರೀನಾಥ ಒಪ್ಪಿದ. ಒಪ್ಪಿ, ನಾಚಿಕೆ ಬಿಟ್ಟು, ತನಗೂ ಒಂದು ಕೈದಿಯ ಪಾರ್ಟು ಬೇಕೆಂದ.

"ನೋಡೋಣ ಸರ್," ಎಂದಿದ್ದ ಸೂರ್ಯ. ಅದಾಗಿ ಹನ್ನೆರಡು ದಿನ. ಇವತ್ತು ಸಂಜೆಯೇ ನಾಟಕ.

ಗೀಸರಿನ ಸ್ವಿಚ್ಚು ಇದ್ದದ್ದು ಕಾರಿಡಾರಿನ ಕೊನೆಗೆ, ಬೀಗ ಹಾಕಿದ ಪೆಟ್ಟಿಗೆಯೊಳಗೆ. ಅದನ್ನು ಆರಿಸಿದ ಕೂಡಲೇ ಬಚ್ಚಲಿಂದ ಯಾರೋ ಕೂಗಿದರು. "ಸರ್, ಸೋಪ್ ಹಚ್ಕೊಂಡಿದೀನಿ, ಎರಡೇ ನಿಮಿಷ!"

ಪಾಪ ಅನ್ನಿಸಿತು. ಆದರೆ ಎಂಟಾಗಿತ್ತು. ತಾನಾದರೂ ಏನು ಮಾಡಲಿ, ತಾನೂ ಹೇಳಿದ್ದು ಕೇಳುವವನೇ ಅಲ್ಲವೇ ಎಂದುಕೊಂಡು ಪೆಟ್ಟಿಗೆಗೆ ಬೀಗ ಹಾಕಿದ.

ಮೆಟ್ಟಿಲಲ್ಲಿ ಸೂರ್ಯ ಎದುರಾದ.

"ಸೂರ್ಯ, ನನ್ನ ಪಾರ್ಟು?"

"ಇದೆ ಸರ್."

"ಕೈದಿ ತಾನೆ?"

"ಸಂಜೆ ಬನ್ನಿ ಸರ್. ಡೈಲಾಗ್ ಅಂತ ಏನಿಲ್ಲ, ನಿಂತ್ಕೊಂಡ್ರೆ ಸಾಕು."

"ನಿಂತ್ಕೊಳ್ಳೋದೇ ಕಷ್ಟ ಕಣಯ್ಯ. ಎಲ್ಲಾ ಅದರಲ್ಲೇ ಇರೋದು."

"ಹೌದು ಸರ್," ಎಂದು ಸೂರ್ಯ ಅವಸರದಲ್ಲಿ ಕೆಳಗಿಳಿದ.

ಮಧ್ಯಾಹ್ನ ಉಪವಾಸವಿರಬೇಕೆಂದಿದ್ದ. ಹೆಂಡತಿ ಹಂಸ ಕೋಳಿಸಾರು ಮಾಡಿದ್ದಳು. ವಾಸನೆಗೆ ಸೋತು ಎರಡು ಮುದ್ದೆ ಇಳಿಸಿದ.

"ನಿಮ್ಮ ಜೈಲಲ್ಲಿ ಕೋಳಿ ಕೊಡ್ತಾರೇನ್ರೀ?"

"ನಿನಗೆ ಅರ್ಥ ಆಗಲ್ಲ."

"ಆಗೋದೂ ಬೇಡ. ಕಂಬಳಿ ತೆಗೆದಿಟ್ಟಿದೀನಿ. ಧೂಳು ಹಿಡಿದಿದೆ."

"ಧೂಳಿರ್ಲಿ," ಎಂದ ಶ್ರೀನಾಥ, ಖುಷಿಯಿಂದ.

ಐದೂವರೆಗೆ ತಾರಸಿ ತುಂಬಿತ್ತು. ಅಡುಗೆಯ ಪಿಳ್ಳಮ್ಮ ಮುಂದಿನ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದಳು. ಪಕ್ಕದಲ್ಲಿ ಅಪ್ಪ, ಹಂಸ, ಅಕ್ಕಪಕ್ಕದ ಮನೆಯವರು. ನೀರಿನ ಟ್ಯಾಂಕಿನ ಮುಂದೆ ಇಪ್ಪತ್ತೆರಡು ಹುಡುಗರು ಮಾರ್ಚ್ ತಿಂಗಳ ಬಿಸಿಲಲ್ಲಿ ಮಂಕಿಕ್ಯಾಪ್ ಹಾಕಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ, ಕಿಸಿಕಿಸಿ ನಗುತ್ತ ಸಾಲಾಗಿ ನಿಂತಿದ್ದರು. ಆ ಸಾಲನ್ನು ನೋಡಿಯೇ ಶ್ರೀನಾಥನ ಎದೆ ತುಂಬಿಬಂತು. ಕಂಬಳಿ ಹೊದ್ದು, ಬರಿಗಾಲಲ್ಲಿ ಹೋಗಿ ಕೊನೆಯಲ್ಲಿ ನಿಂತುಕೊಂಡ.

ನಗು ನಿಂತಿತು. ಪಕ್ಕದವನು ಅರ್ಧ ಹೆಜ್ಜೆ ಸರಿದ. ಅವನ ಪಕ್ಕದವನು ಬೆರಳ ಸಂದಿಯ ಸಿಗರೇಟನ್ನು ಕಾಲಡಿ ಹಾಕಿ ಹೊಸಕಿದ. ಶ್ರೀನಾಥ ಇನ್ನಷ್ಟು ಹತ್ತಿರ ಸರಿದ. ಸಾಲೂ ಇನ್ನಷ್ಟು ಸರಿಯಿತು.

ಸೂರ್ಯ ಬಂದು ಮೆಲ್ಲಗೆ ಅವನ ಮೊಣಕೈ ಹಿಡಿದು ಮುಂದೆ ಕರೆದೊಯ್ದ, ಸಾಲಿಗೆ ಎದುರಾಗಿ ನಿಲ್ಲಿಸಿದ. "ಇಲ್ಲಿ ಸರ್."

"ಇದು ಯಾರ ಪಾತ್ರ?"

"ಪಾತ್ರ ಅಂತೇನಿಲ್ಲ ಸರ್. ನೀವು ನೀವಾಗೇ ಇರಿ." ಹಾಗೆಯೇ ಹೆಗಲ ಮೇಲಿನ ಕಂಬಳಿಯನ್ನೂ ತೆಗೆದುಕೊಂಡ. "ಇದು ಬೇಡ ಸರ್. ಸೆಕೆ."

ನಾಟಕ ಶುರುವಾಯಿತು. ಕೈದಿಗಳು ಒಬ್ಬೊಬ್ಬರಾಗಿ ಶಿಬಿರದ ನಿಯಮಗಳನ್ನು ಒಪ್ಪಿಸಿದರು.

"ಎಂಟರ ಮೇಲೆ ಬಿಸಿನೀರು ಇರುವುದಿಲ್ಲ!"

"ತಲೆಗೆ ನಾಲ್ಕು ಇಡ್ಲಿ ಮಾತ್ರ!"

"ಕೋಣೆಯಲ್ಲಿ ಒಲೆ ಕಂಡುಬಂದರೆ ಕೂಡಲೇ ಜಪ್ತಿ!"

ಜನ ಬಿದ್ದು ಬಿದ್ದು ನಕ್ಕರು. ಅಪ್ಪನ ಕಣ್ಣಲ್ಲಿ ನೀರೇ ಬಂತು. ಈ ಮಾತುಗಳು ಕಾದಂಬರಿಯಲ್ಲಿರಲಿಲ್ಲ. ಆದರೂ ಎಷ್ಟು ಬಿಗಿಯಾಗಿವೆ, ಬರೆದವನು ಗಟ್ಟಿಗ ಎಂದು ಮೆಚ್ಚಿಕೊಳ್ಳುತ್ತಿರುವಾಗಲೇ ಶ್ರೀನಾಥನಿಗೆ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಇವನ್ನೆಲ್ಲ ಬರೆದು, ಕಾಗುಣಿತ ತಿದ್ದಿ ತಿದ್ದಿ, ಪ್ರತಿ ಮಹಡಿಯ ಗೋಡೆಗೂ ಅಂಟಿಸಿದವನು ತಾನೇ.

ಹಸಿದವನ ಮುಖ ಮಾಡಿ ನೋಡಿದ. ಅಷ್ಟು ದಿನ ಕನ್ನಡಿಯ ಮುಂದೆ ಕಲಿತದ್ದು. ಜನ ಇನ್ನೂ ಜೋರಾಗಿ ನಕ್ಕರು. "ಸರ್ ಆ್ಯಕ್ಟಿಂಗ್ ಸೂಪರ್ ಗುರು!" ಎಂದು ಯಾರೋ ಶಿಳ್ಳೆ ಹಾಕಿದರು. ಅವನಿಗೂ ನಗು ಬಂತು. ನಕ್ಕ.

"ಟೋಪಿ!" ಎಂದು ಸೂರ್ಯ ಕೂಗಿ ತಾನೂ ಸಾಲಿಗೆ ಸೇರಿಕೊಂಡ.

ಕಾದಂಬರಿಯ ಕೈದಿಗಳು ಶಿಬಿರದ ಅಧಿಕಾರಿಯೆದುರು ತೆಗೆಯುವಂತೆಯೇ ಎಲ್ಲ ಮಂಕಿಕ್ಯಾಪುಗಳೂ ಒಟ್ಟಿಗೆ ತಲೆಯಿಂದ ಕೆಳಗಿಳಿದವು. ಕೆದರಿದ ಕೂದಲು, ಬೆವರಿದ ಹಣೆಗಳು. ಎಲ್ಲರೂ ಅವನನ್ನೇ ನೋಡುತ್ತ ನಿಂತರು. ಏನೋ ಆಗಬೇಕಿತ್ತು, ಆಗಲಿಲ್ಲ.

"ಸರ್, ಹೋಗಿ ಅನ್ನಿ," ಸೂರ್ಯ ಪಿಸುಗುಟ್ಟಿದ. "ನೀವಂದ್ರೆ ನಾವು ಹೋಗ್ತೀವಿ. ಮುಗೀತು."

ಶ್ರೀನಾಥ ಬಾಯಿ ತೆರೆದ. ಹೋಗಿ ಎಂದರೆ ಇವರೆಲ್ಲ ಹೆಗಲಿಗೆ ಹೆಗಲು ತಾಗಿಸಿಕೊಂಡು, ನಗುತ್ತ ಮೆಟ್ಟಿಲಿಳಿಯುತ್ತಾರೆ. ಯಾರ ಕೋಣೆಯಲ್ಲೋ ಗುಂಪಾಗಿ ಕೂತು, ಬಚ್ಚಿಟ್ಟ ಒಲೆಯ ಮೇಲೆ ಟೀ ಕಾಯಿಸುತ್ತಾರೆ. ತಾನು ಬಾಗಿಲು ತಟ್ಟಿದರೆ ಒಲೆ ಮಂಚದಡಿ ಹೋಗುತ್ತದೆ. ಅವನಿಗೆ ಅಳು ಬರುವಂತಾಯಿತು. ತೆರೆದ ಬಾಯಿಯನ್ನು ಮುಚ್ಚಿದ.

"ಸರ್..."

ಮುಗಿಯಿತೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಪಿಳ್ಳಮ್ಮ ಅಪ್ಪನ ಮುಖ ನೋಡಿದಳು. ಬಿಸಿಲು ಟ್ಯಾಂಕಿನ ಹಿಂದೆ ಇಳಿಯಿತು. ಇಪ್ಪತ್ತಮೂರು ಜನ ಟೋಪಿಯನ್ನು ಎದೆಗೊತ್ತಿಕೊಂಡು, ಬೆವರು ಒರೆಸಿಕೊಳ್ಳದೆ ಕಾಯುತ್ತಿದ್ದರು. ಎದುರಿಗೆ ಶ್ರೀನಾಥ, ಎರಡೂ ಕೈ ಇಳಿಬಿಟ್ಟುಕೊಂಡು, ಅವರನ್ನು ಬಿಡದೆ ನಿಂತೇ ಇದ್ದ.