ಅರಿಶಿನ ದಾರದ ವಾಚು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಅಗಲದ ಅಂಗಡಿ ರುದ್ರಸ್ವಾಮಿಯದು. ಅಂಗಡಿ ಚಿಕ್ಕದು, ಹೆಸರು ದೊಡ್ಡದು. ಕೈಗಡಿಯಾರವನ್ನು ಕಿವಿಗೆ ಹಿಡಿದರೆ ಸಾಕು, ಮುಚ್ಚಳ ಬಿಚ್ಚದೆಯೇ ಅದರ ಹೊಟ್ಟೆಯೊಳಗಿನ ಕಾಯಿಲೆ ಹೇಳಿಬಿಡುತ್ತಾನೆ ಎಂದು ಹನೂರಿನಿಂದ ಯಳಂದೂರಿನವರೆಗೆ ಜನ ಆಡಿಕೊಳ್ಳುತ್ತಿದ್ದರು. ಜನ ಹೀಗೆ ಹೊಗಳುವುದು ರುದ್ರಸ್ವಾಮಿಗೂ ಗೊತ್ತಿತ್ತು. ಕೇಡು ಇದ್ದದ್ದೇ ಅಲ್ಲಿ. ಹೊಗಳಿಕೆಗೆ ಒಗ್ಗಿದ ಕಿವಿ ಬೇರೆ ಸದ್ದನ್ನು ಸರಿಯಾಗಿ ಕೇಳುವುದಿಲ್ಲ.

ಅರವತ್ತೇಳನೆಯ ಇಸವಿ, ಗೌರಿ ಹಬ್ಬಕ್ಕೆ ಇನ್ನು ಮೂರು ದಿನ. ಯಳಂದೂರಿನ ಬಸ್ಸಿನಿಂದ ಇಳಿದ ಹೊಸ ಸೊಸೆಯೊಬ್ಬಳು ಸೀದಾ ಅಂಗಡಿಗೆ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ವಾಚನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು. ಹೆಸರು ಗುರುಬಸಮ್ಮ. ಹಬ್ಬಕ್ಕೆಂದು ತವರೂರು ಧನಗೆರೆಗೆ ಹೊರಟಿದ್ದಳು.

"ಅಣ್ಣಾ, ಇದು ನಮ್ಮ ಯಜಮಾನ್ರುದು. ಮದ್ವೇಲಿ ನಮ್ಮಪ್ಪ ಕಟ್ಟಿದ್ದು. ದಿವ್ಸಕ್ಕೆ ಅರ್ಧ ಗಂಟೆ ಮುಂದಕ್ಕೋಯ್ತದೆ. ಅವ್ರು ಇಸ್ಕೂಲ್ ಮೇಷ್ಟ್ರು. ಇದನ್ನ ನೋಡ್ಕಂಡು ಮಕ್ಳನ್ನ ಗಂಟೆಗೆ ಮುಂಚೇನೇ ಮನೆಗೆ ಬುಟ್ಬುಟ್ಟು, ಎಡ್ಮಾಷ್ಟ್ರತ್ರ ಬೈಸ್ಕಂಡವ್ರೆ."

ರುದ್ರಸ್ವಾಮಿ ನಕ್ಕ. ಹುಡುಗಿ ನಗಲಿಲ್ಲ.

"ಇದು ಅಸ್ಲಿ ಪಾರಿನ್ ವಾಚಲ್ಲ, ನಕ್ಲಿ ಅಂತ ಯಾರೋ ನಮ್ಮತ್ತೆ ಕಿವಿ ಊದವ್ರೆ. ಕೂತ್ರೂ ಅದೇ ಮಾತು, ನಿಂತ್ರೂ ಅದೇ ಮಾತು. ನಕ್ಲಿ ಕೊಟ್ಟೋರ ಮಗ್ಳು ಅಂತಾರೆ. ಯುಗಾದಿಗೆ ಅಪ್ಪ ಬಂದಾಗ ಎದುರ್ಗೇ ಕೇಳ್ಬುಟ್ರು. ಅಪ್ಪ ತಲೆ ತಗ್ಗಿಸ್ಕಂಡು, ಎಲೆ ಮುಂದಿಂದ ಉಣ್ದೇ ಎದ್ದೋಯ್ತು. ಕೊಳ್ಳೇಗಾಲದ ರುದ್ರಸ್ವಾಮಿ ಏನಂತಾನೆ ಕೇಳ್ಕಂಡು ಬಾ, ಅಲ್ಲಿಗೆ ಇತ್ಯರ್ಥ ಅಂದವ್ರೆ ಅತ್ತೆ. ನಿಮ್ಮ ಕಿವಿ ಸುಳ್ಳೇಳಲ್ವಂತೆ."

ರುದ್ರಸ್ವಾಮಿ ವಾಚು ಕೈಗೆತ್ತಿಕೊಂಡ. ಪಟ್ಟಿ ಸೇರುವ ಸಂದಿಯಲ್ಲಿ ಅರಿಶಿನದ ಕಲೆ ಇನ್ನೂ ಇತ್ತು. ಅದನ್ನು ಕಂಡದ್ದೇ ಅವನಿಗೆ ವಾಚಿನ ಗುರುತು ಸಿಕ್ಕಿತು.

ಈ ವಾಚು ಅವನ ಕೈಗೆ ಬರುತ್ತಿರುವುದು ಇದು ಎರಡನೆಯ ಸಲ. ಮಾಘಮಾಸದಲ್ಲಿ ಧನಗೆರೆಯ ಪುಟ್ಟಮಲ್ಲಪ್ಪ, ಅಂದರೆ ಇದೇ ಹುಡುಗಿಯ ಅಪ್ಪ, ಇದನ್ನು ಹಿಡಿದುಕೊಂಡು ಬಂದಿದ್ದ. ಮಾದಪ್ಪನ ಬೆಟ್ಟದ ಛತ್ರದಲ್ಲಿ ಇಳಿದಿದ್ದ ವ್ಯಾಪಾರಿಯೊಬ್ಬ, ಮದರಾಸಿನಲ್ಲಿ ಹಡಗಿನಿಂದ ಇಳಿದ ಸ್ವಿಸ್ ಮಾಲು ಎಂದು ಕೊಟ್ಟದ್ದಂತೆ. ಪುಟ್ಟಮಲ್ಲಪ್ಪ ಕೊಂಡ ಕೈಯಲ್ಲೇ ಅದನ್ನು ದೇವರ ಪಾದಕ್ಕಿಟ್ಟು, ಮೇಲೆ ವಿಭೂತಿ ಸುರಿಸಿ, ಅರಿಶಿನ ದಾರವನ್ನು ಅಡ್ಡಡ್ಡ ಉದ್ದುದ್ದ ಸುತ್ತಿಸಿಕೊಂಡು ಬಂದಿದ್ದ. ಅಳಿಯನ ಕೈ ಸೇರುವ ತನಕ ಆ ದಾರ ಬಿಚ್ಚುವ ಹಾಗಿರಲಿಲ್ಲ. "ಮಾದಪ್ಪನ ಪಾದದ್ದು ಕಣಪ್ಪ. ಬಿಚ್ಬೇಡ, ಕಿವೀಲೇ ಕೇಳಿ ಏಳ್ಬುಡು" ಎಂದಿದ್ದ.

ರುದ್ರಸ್ವಾಮಿ ಕೇಳಿದ್ದ. ಸದ್ದು ಕೊಂಚ ಒರಟಾಗಿಯೇ ಇತ್ತು, ತಗಡಿನ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ. ದಾರದ ಬಿಗಿಗೆ ಹಾಗೆ ಕೇಳುತ್ತಿರಬೇಕು ಎಂದುಕೊಂಡ. ನಿಜ ಹೇಳಬೇಕೆಂದರೆ, ಮದುವೆಗೆ ಹೊರಟ ವಸ್ತುವಿನ ಮೇಲೆ ಅಪಶಕುನ ನುಡಿಯಲು ಮನಸ್ಸಾಗಲಿಲ್ಲ. ಬಿಚ್ಚದೆ ಹೇಳಲಾರೆ ಎಂದು ಒಪ್ಪಿಕೊಳ್ಳಲು ಜಂಬವೂ ಬಿಡಲಿಲ್ಲ. "ಅಸಲಿ ಕಣ್ರೀ, ಕಣ್ಮುಚ್ಕಂಡು ಕಟ್ಟಿ" ಎಂದುಬಿಟ್ಟಿದ್ದ.

ಆ ಮಾತು ಈ ಹುಡುಗಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. "ಬುಟ್ಟೋಗವ್ವ. ಹಬ್ಬ ಮುಗಿಸ್ಕಂಡು ಬಾ, ನೋಡಿ ಏಳ್ತೀನಿ" ಎಂದು ಕಳಿಸಿದ.

ಅವಳು ಹೋದ ಮೇಲೆ ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದ. ಮುಖದ ಮೇಲೆ ಹದಿನೇಳು ಕಲ್ಲು ಎಂದು ಬರೆದಿತ್ತು. ಒಳಗೆ ಒಂದೂ ಇರಲಿಲ್ಲ. ಚಕ್ರದ ಅಚ್ಚು ಸವೆಯದಂತೆ ಕೆಂಪು ಕಲ್ಲು ಇರಬೇಕಾದ ಕಡೆಯೆಲ್ಲ ಬರೀ ಹಿತ್ತಾಳೆಯ ತೂತು. ಮೇಲೆ ರಾಜನ ಪೋಷಾಕು, ಒಳಗೆ ಬಡಕಲು ಮಿಷನ್ನು. ಅದರ ಮೇಲೆ ಮಾದಪ್ಪನ ವಿಭೂತಿ ಬೇರೆ ಒಳಕ್ಕಿಳಿದು, ಎಣ್ಣೆಯೊಂದಿಗೆ ಕಲಸಿ, ಕೂದಲಿನಂಥ ಸ್ಪ್ರಿಂಗಿನ ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿ, ಸ್ಪ್ರಿಂಗನ್ನೇ ಗಿಡ್ಡ ಮಾಡಿಬಿಟ್ಟಿತ್ತು. ವಾಚು ಅರ್ಧ ಗಂಟೆ ಮುಂದೆ ಓಡುತ್ತಿದ್ದುದು ಅದಕ್ಕೇ. ದೇವರ ವಿಭೂತಿಯಾದರೇನು, ಮಿಷನ್ನಿಗೆ ಬಿದ್ದರೆ ಅದೂ ಧೂಳೇ.

ನಕಲಿ ಎಂದರೆ ಹುಡುಗಿಯ ಬಾಳು ಅತ್ತೆಯ ಬಾಯಿಗೆ ಬೀಳುತ್ತದೆ. ಅಸಲಿ ಎಂದರೆ ಹುಡುಗಿ ಗೆಲ್ಲುತ್ತಾಳೆ, ತನ್ನ ಹೆಸರೂ ಉಳಿಯುತ್ತದೆ. ಇನ್ನೊಂದು ಸಲ ಸುಳ್ಳು ಹೇಳಿದರೆ ಮುಗಿಯಿತು. ಆದರೆ ನಾಳೆ ಯಳಂದೂರಿನಲ್ಲಿ ಇನ್ನಾರೋ ಮುಚ್ಚಳ ತೆಗೆದರೆ? ಆಗ ಅಪ್ಪ ಮಗಳಿಬ್ಬರೂ ಕಳ್ಳರಾಗುತ್ತಾರೆ. ತಪ್ಪು ಒಪ್ಪಿಕೊಂಡರೆ ಹುಡುಗಿ ಉಳಿದಾಳು, ಆದರೆ ಈ ಕಿವಿಯನ್ನು ನಂಬಿ ಅಂಗಡಿಗೆ ಬರುವವರು ಯಾರು? ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ.

ಮೂರನೆಯ ದಿನ, ಮೊದಲು ಕೈಗೆ ಕೆಲಸ ಕೊಡೋಣ, ಬಾಯಿಯ ಕೆಲಸ ಆಮೇಲೆ ಎಂದುಕೊಂಡು ಕೂತ. ಮಿಷನ್ನನ್ನು ಬಿಡಿಬಿಡಿ ಮಾಡಿ ಪೆಟ್ರೋಲಿನಲ್ಲಿ ತೊಳೆದ. ಸ್ಪ್ರಿಂಗಿನ ಸುರುಳಿ ಬಿಡಿಸಿದ. ಸೂಜಿಮೊನೆಯಿಂದ ಹೊಸ ಎಣ್ಣೆ ಮುಟ್ಟಿಸಿದ. ಎದುರಿನ ಹೋಟೆಲಿನ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಮುಳ್ಳು ಕೂಡಿಸುವುದು, ಮಾರನೆಯ ದಿನದ ವಾರ್ತೆಗೆ ನೋಡಿ ವೇಗ ತಿದ್ದುವ ಒಳಗಿನ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುವುದು. ಮಲಗಿಸಿ ನೋಡಿದ, ನೇತುಹಾಕಿ ನೋಡಿದ, ಕೈಗೆ ಕಟ್ಟಿಕೊಂಡು ತಿರುಗಿದ. ಕೊನೆಗೆ ದಿನಕ್ಕೆ ಒಂದು ನಿಮಿಷದ ವ್ಯತ್ಯಾಸಕ್ಕೆ ಬಂದು ನಿಂತಿತು. ಅಂಥ ಮಿಷನ್ನಿಗೆ ಅದಕ್ಕಿಂತ ಹೆಚ್ಚು ಮರ್ಯಾದೆ ಯಾರೂ ಕಲಿಸಲಾರರು.

ಗುರುಬಸಮ್ಮ ಹಿಂದಿರುಗಿದ್ದು ಭಾನುವಾರ. "ಏನಣ್ಣಾ?" ಎಂದಳು. ರುದ್ರಸ್ವಾಮಿ ಅಂಗಡಿಗೆ ಬೀಗ ಹಾಕಿ, "ನಡಿಯವ್ವ, ನಿಮ್ಮತ್ತೆಗೇ ಏಳ್ತೀನಿ" ಎಂದು ಅವಳ ಜೊತೆಗೇ ಬಸ್ಸು ಹತ್ತಿದ.

ಯಳಂದೂರಿನ ಮನೆಯ ಜಗಲಿಯಲ್ಲಿ ಅತ್ತೆ ಮಹಾದೇವಮ್ಮ ಹುರುಳಿ ಕೇರುತ್ತಿದ್ದಳು. ಮಗ ಸದಾಶಿವಪ್ಪ ಮೇಷ್ಟ್ರು ಪೇಪರು ಓದುತ್ತಿದ್ದರು. ರುದ್ರಸ್ವಾಮಿ ವಾಚನ್ನು ಮೊರದ ಪಕ್ಕದಲ್ಲಿಟ್ಟ.

"ಅವ್ವಾರೆ, ಇದು ನಕ್ಲಿ."

ಗುರುಬಸಮ್ಮ ಕಂಬ ಹಿಡಿದುಕೊಂಡಳು. ಮಹಾದೇವಮ್ಮನ ಕೈಯಲ್ಲಿ ಮೊರ ನಿಂತಿತು. ಅವಳು ಬಾಯಿ ತೆಗೆಯುವ ಮೊದಲೇ ರುದ್ರಸ್ವಾಮಿ ಮಾತು ಮುಂದುವರಿಸಿದ.

"ಆದ್ರೆ ತಪ್ಪು ಈ ಮಗೀದಲ್ಲ, ಇವ್ರಪ್ಪಂದೂ ಅಲ್ಲ, ನಂದು. ಮದ್ವೆಗೆ ಮುಂಚೆ ಪುಟ್ಟಮಲ್ಲಪ್ಪೋರು ನನ್ನತ್ರಾನೇ ತಂದಿದ್ರು. ದಾರ ಸುತ್ತಿತ್ತು, ಬಿಚ್ಚಿ ನೋಡ್ನಿಲ್ಲ. ಸದ್ದು ಸರಿಯಿಲ್ಲ ಅಂತ ಅನುಮಾನ ಬಂದ್ರೂ ನುಂಗ್ಕಂಡು ಅಸ್ಲಿ ಅಂದ್ಬುಟ್ಟೆ. ನನ್ನ ಮಾತ ನಂಬಿ ಅವ್ರು ಕಟ್ಟುದ್ರು. ಈಗ ಟೈಮು ಸರಿ ಮಾಡಿವ್ನಿ. ಬಯ್ಯೋದಿದ್ರೆ ನಂಗೇ ಬಯ್ರಿ."

ಮಹಾದೇವಮ್ಮ ಮೊರ ಕೆಳಗಿಟ್ಟಳು.

"ಯುಗಾದೀಲಿ ನಾನೇ ಕೇಳುದ್ನಲ್ಲಪ್ಪ, ಬಲ್ಲೋರ್ಗೆ ತೋರುಸ್ಬುಟ್ಟು ತಂದ್ರಾ ಬೀಗ್ರೇ ಅಂತ. ಒಂದ್ಸಲ ಅಲ್ಲ, ಮೂರು ಸಲ. ಇಲ್ಲ ತಾಯಿ, ಯಾರ್ಗೂ ತೋರುಸ್ನಿಲ್ಲ, ನನ್ನ ದಡ್ಡತನ ಅಂದ್ರು."

ರುದ್ರಸ್ವಾಮಿ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ. ಇದಕ್ಕೆ ಸಿದ್ಧವಾಗಿರಲಿಲ್ಲ. ಗುರುಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರು ಎದ್ದು ಬಂದು ವಾಚನ್ನು ತೆಗೆದು ಕೈಗೆ ಕಟ್ಟಿಕೊಂಡರು. ಮಹಾದೇವಮ್ಮ ಮತ್ತೆ ಹುರುಳಿ ಕೇರತೊಡಗಿ, ತಲೆಯೆತ್ತದೆ ಹೇಳಿದಳು: "ಮುಂದಿನ್ ವಾರ ನಿಮ್ಮಪ್ಪಂಗೆ ಬರಕ್ಕೇಳವ್ವ. ಅವತ್ತು ಉಣ್ದೇ ಎದ್ದೋದ್ರಲ್ಲ, ಆ ಊಟ ಇಲ್ಲೇ ಅದೆ. ಈಗ ಇವ್ರಿಗೆ ಎಲೆ ಹಾಕು."

ಉಂಡು ಹೊರಟ ರುದ್ರಸ್ವಾಮಿ ಕೊಳ್ಳೇಗಾಲದಲ್ಲಿ ಇಳಿದವನು ಅಂಗಡಿ ತೆಗೆಯಲಿಲ್ಲ. ಸೈಕಲ್ಲು ಹತ್ತಿ ಧನಗೆರೆಗೆ ಹೋದ. ಪುಟ್ಟಮಲ್ಲಪ್ಪ ರಾಗಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ. ರುದ್ರಸ್ವಾಮಿ ಬದುವಿನ ಮೇಲೆ ನಿಂತು, ಯಳಂದೂರಿನಲ್ಲಿ ಆದದ್ದನ್ನೆಲ್ಲ ಹೇಳಿ ಕೇಳಿದ.

"ಅಷ್ಟು ಮಾತು ಕೇಳ್ಕಂಡ್ರೂ ನನ್ನ ಹೆಸ್ರು ಯಾಕೆ ಏಳ್ನಿಲ್ಲ ನೀವು?"

ಮುದುಕ ಬೇರಿನ ಮಣ್ಣು ಕೊಡವಿ ಕಳೆಯನ್ನು ಬದುವಿಗೆ ಎಸೆದ.

"ನಿನ್ನ ಅನ್ನ ನಿನ್ನ ಕಿವೀಲದೆ ಕಣಪ್ಪ. ನಂದು ಈ ಹೊಲದಲ್ಲದೆ. ಊರೋರೆಲ್ಲ ಸೇರಿ ನನ್ನ ದಡ್ಡ ಅಂದ್ರೂ ರಾಗಿ ತೆನೆ ಬುಡದೆ ಇದ್ದಾತಾ?"

ರುದ್ರಸ್ವಾಮಿ ಪಂಚೆ ಎತ್ತಿ ಕಟ್ಟಿ, ಪಕ್ಕದ ಸಾಲಿಗೆ ಇಳಿದು ಕಳೆ ಕೀಳತೊಡಗಿದ.